ಪಾಲಿಗೆ ತಂದ ಐವತ್ನಾಲ್ಕು ತತ್ತಿ

ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರುವುದು ಒಂದೇ ಸಾಲು: ಒಟ್ಟು ತತ್ತಿ 54, ಇದ್ದಿಲ ಗೆರೆ 18, ಮೆಹಂದಿ ಚುಕ್ಕೆ 18, ನೀಲಿ ಪೆನ್ನು 18.

ಮೂರು ಗುರುತು ಎಂದರೆ ಮೂರು ಮನೆ. ಇದ್ದಿಲಿನವು ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿರುವ ನಮ್ಮ ದೊಡ್ಡವ್ವನವು. ಮೆಹಂದಿಯವು ಅವಳ ಎದುರುಮನೆಯ ಖಾಲಾ ಕೊಟ್ಟವು. ಮಾನ್ವಿ ಪೇಟೆಯಲ್ಲಿ ಬಳೆ ಮಾರುವ ಅವರನ್ನು ಓಣಿಯವರೆಲ್ಲ ಖಾಲಾ ಎಂದೇ ಕರೆಯುತ್ತಾರೆ. ನೀಲಿ ಪೆನ್ನಿನವು ಅದೇ ಓಣಿಯ ಅಂಗನವಾಡಿ ಸಹಾಯಕಿಯವು. ಆಕೆ ಒಂದರಿಂದ ಹದಿನೆಂಟರವರೆಗೆ ಅಂಕಿಯನ್ನೂ ಬರೆದು ಕೊಟ್ಟಿದ್ದರು.

ಯಾರೂ ನನಗೆ ಮಾರಿರಲಿಲ್ಲ. ನಮ್ಮ ಕಡೆ ಕೋಳಿ, ಆಡು ಪಾಲಿಗೆ ಕೊಡುವ ರೂಢಿಯಿದೆ. ಒಬ್ಬರದು ಜೀವ, ಇನ್ನೊಬ್ಬರದು ಸಾಕುವ ಕೆಲಸ, ಹುಟ್ಟಿದ್ದರಲ್ಲಿ ಅರ್ಧರ್ಧ. ಕಾಗದ ಇಲ್ಲ, ಸಹಿ ಇಲ್ಲ. ನಾನು ಅದನ್ನೇ ತತ್ತಿಗೆ ಹಚ್ಚಿದೆ: ನಿಮ್ಮ ತತ್ತಿ, ನನ್ನ ಕಾವು ಪೆಟ್ಟಿಗೆ, ಮರಿಗಳಲ್ಲಿ ಅರ್ಧ ನಿಮಗೆ. ಮಳೆಗಾಲದ ಹೊತ್ತಿಗೆ ನಾಟಿ ಮರಿಗಳಿಗೆ ಬೇಡಿಕೆ ಬರುತ್ತದೆ, ನನ್ನ ಪಾಲನ್ನು ಮಾರಿದರೆ ಕಾಲೇಜಿನ ಸಣ್ಣಪುಟ್ಟ ಖರ್ಚಿಗೆ ಅವ್ವನ ಮುಂದೆ ಕೈ ಚಾಚುವುದು ತಪ್ಪುತ್ತದೆ ಎಂಬುದು ಲೆಕ್ಕ. ಓಣಿಯಲ್ಲಿ ನನ್ನ ಪರವಾಗಿ ಮಾತು ಕೊಟ್ಟವಳು ದೊಡ್ಡವ್ವ. "ನನ್ನ ತಂಗಿ ಮಗಳು. ಒಂದು ತತ್ತಿ ಒಡದ್ರೂ ಒಡದೈತಿ ಅಂತ ಹೇಳಾಕಿ, ಮುಚ್ಚಿಡಾಕಿ ಅಲ್ಲ" ಎಂದಿದ್ದಳು. ಆ ಮಹಿಳೆಯರು ಮನೆಯ ಕೋಳಿಗಳ ಕಾವು ತಪ್ಪಿಸಿ ತತ್ತಿ ಕೊಟ್ಟಿದ್ದರು. ನನ್ನ ಪೆಟ್ಟಿಗೆಯಲ್ಲಿ ಮರಿ ಬಾರದಿದ್ದರೆ ಅವರ ಕೋಳಿಗಳ ಆ ಸಲದ ಸಂಸಾರವೇ ಹೋದಂತೆ, ದೊಡ್ಡವ್ವನ ಮಾತೂ ಹೋದಂತೆ.

ನಾನಾಗ ರಾಯಚೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಅವ್ವ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾಳೆ. ನಮ್ಮದು ತಗಡು ಹೊದಿಸಿದ ಒಂದು ಬಾಡಿಗೆ ಕೋಣೆ. ಪೆಟ್ಟಿಗೆ ತಂದದ್ದು ದೇವದುರ್ಗದಿಂದ. ಫ್ಯಾನು, ಕೂಲರ್ ರಿಪೇರಿ ಮಾಡುವ ಚಾಚಾ ಒಬ್ಬರು ಕೈಯಾರೆ ಮಾಡಿದ್ದು. ದಪ್ಪ ಥರ್ಮೊಕೋಲ್ ಡಬ್ಬಿ, ನಲವತ್ತು ವ್ಯಾಟಿನ ಎರಡು ಬಲ್ಬು, ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನು, ಬಿಸಿ 37.7ಕ್ಕೆ ಮುಟ್ಟಿದರೆ ಬಲ್ಬು ಆರಿಸಿ, ಇಳಿದರೆ ಹೊತ್ತಿಸುವ ಸಣ್ಣ ಸಾಧನ, ತಳದಲ್ಲಿ ನೀರಿನ ತಟ್ಟೆ. ಚಳಿಗಾಲದಲ್ಲಿ ಅದರಲ್ಲಿ ಎರಡು ಸಲ ಮರಿ ಮಾಡಿದ್ದೇನೆಂದು ಅವರು ಹೇಳಿದ್ದರು. ನಾನು ಕೇಳಿಸಿಕೊಂಡದ್ದು ಮರಿ ಎಂಬ ಮಾತನ್ನು, ಚಳಿಗಾಲ ಎಂಬುದನ್ನಲ್ಲ.

ಏಪ್ರಿಲ್ ತಿಂಗಳಲ್ಲಿ ತತ್ತಿ ಇಟ್ಟೆ. ಪ್ರತಿ ತತ್ತಿಯ ಒಂದು ಬದಿಗೆ ಪೆನ್ಸಿಲಿನಿಂದ ಗುಣಾಕಾರದ ಗುರುತು, ಇನ್ನೊಂದು ಬದಿಗೆ ಸೊನ್ನೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಹೊರಳಿಸುವುದು. ದಿನಕ್ಕೆ ಮೂರೇ ಸಲ ಏಕೆಂದರೆ, ಬೆಸ ಸಂಖ್ಯೆಯಾದರೆ ಒಂದೇ ಬದಿ ಎರಡು ರಾತ್ರಿ ಮೇಲಿರುವುದಿಲ್ಲ. ಹೊರಳಿಸದಿದ್ದರೆ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಬಲ್ಬಿನ ಹತ್ತಿರದ ಸಾಲು ದಿನವೂ ಬದಲಾಗುವಂತೆ ಜಾಗವನ್ನೂ ಬದಲಿಸುತ್ತಿದ್ದೆ. ಅವ್ವ ಮೂರು ದಿನ ನೋಡಿದಳು. ನಾಲ್ಕನೇ ದಿನ, "ಯಾರ ತತ್ತಿ ತಂದೀಯೋ ಅವರ ಮುಖಾ ನೋಡಬೇಕಾಗ್ತದ, ನೆನಪಿರಲಿ" ಎಂದಳು. ಅಷ್ಟೇ.

ಏಳನೇ ದಿನ ಬೆಳಕಿಗೆ ಹಿಡಿದು ನೋಡುವ ಕೆಲಸ. ರಟ್ಟನ್ನು ಕೊಳವೆಯಂತೆ ಸುತ್ತಿ, ಮೊಬೈಲಿನ ಟಾರ್ಚಿನ ಮೇಲಿಟ್ಟು, ಕಂಬಳಿಯೊಳಗೆ ಕೂತು ಒಂದೊಂದಾಗಿ ನೋಡಿದೆ. ಜೀವ ಹಿಡಿದ ತತ್ತಿಯಲ್ಲಿ ಜೇಡರ ಬಲೆಯಂತೆ ಕೆಂಪು ನರ, ನಡುವೆ ಮಿಸುಕುವ ಚುಕ್ಕೆ. ಆರು ಖಾಲಿ ಇದ್ದವು. ಉಳಿದದ್ದು 48. ಪುಸ್ತಕದಲ್ಲಿ ಆ ಅಂಕಿಯನ್ನು ದೊಡ್ಡದಾಗಿ ಬರೆದೆ.

ಎಂಟನೇ ದಿನದಿಂದ ಬಿಸಿಲು ಏರಿತು. ಬೆಳಿಗ್ಗೆ ಹನ್ನೊಂದಾದರೆ ಬಲ್ಬು ಹೊತ್ತುವುದೇ ನಿಂತಿತು. ತಗಡಿನ ಕೆಳಗೆ ಕೋಣೆಯೇ ನಲವತ್ತೊಂದು, ಪೆಟ್ಟಿಗೆಯೊಳಗೆ 38.9. ಮುಚ್ಚಳ ಸರಿಸಿದೆ. ಒದ್ದೆ ಗೋಣಿತಾಟು ಹೊದಿಸಿದೆ. ಅದು ಒಣಗುತ್ತಿದ್ದುದು ಇಪ್ಪತ್ತು ನಿಮಿಷಕ್ಕೆ. ಒಂಬತ್ತನೇ ದಿನ ನಳಕ್ಕೆ ನೀರು ಬರಲಿಲ್ಲ. ಕುಡಿಯುವ ಕೊಡದಿಂದಲೇ ಗೋಣಿ ನೆನೆಸಿದೆ. ಹತ್ತನೇ ದಿನ ಮಧ್ಯಾಹ್ನ ಕರೆಂಟು ಹೋಗಿ ಒಳಗಿನ ಫ್ಯಾನು ನಿಂತಿತು. ನಾನು ಪ್ರಯೋಗಾಲಯದಿಂದ ಓಡಿ ಬರುವಷ್ಟರಲ್ಲಿ 39.4. ಎಷ್ಟು ಹೊತ್ತಿನಿಂದ ಹಾಗಿತ್ತು ಎಂಬುದು ಗೊತ್ತಿಲ್ಲ. ಆ ದಿನದ ಸಾಲಿನಲ್ಲಿ "ಅವಧಿ" ಎಂಬ ಕಡೆ ಪ್ರಶ್ನಾರ್ಥಕ ಚಿಹ್ನೆಯಿದೆ. ಇಡೀ ಪುಸ್ತಕದಲ್ಲಿ ಅದೊಂದೇ.

ಚಾಚಾರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿ ಹೇಳಿದರು: "ಬೇಟಿ, ನಾ ಕೊಟ್ಟಿದ್ದು ತತ್ತಿ ಬಿಸಿ ಮಾಡೋ ಡಬ್ಬಿ. ರಾಯಚೂರು ಬಿಸಿಲು ಆರಸೋ ಡಬ್ಬಿ ಮಾಡೋದು ಕಲ್ತಿದ್ರ ನಾ ದೇವದುರ್ಗದಾಗ ಯಾಕ ಕುಂದ್ರತಿದ್ದೆ?"

ನಗು ಬರಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ವಾಸನೆ. ಒಂದು ತತ್ತಿಯ ಮೈಮೇಲೆ ಬೆವರಿನಂತೆ ಹಳದಿ ಹನಿ. ಇಂಥ ತತ್ತಿ ಒಡೆದರೆ ಸುತ್ತಲಿನವೂ ಕೆಡುತ್ತವೆ. ಉಸಿರು ಹಿಡಿದು ಹೊರತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೂರ ಹೂತು ಬಂದೆ. ಕಂಬಳಿ ಹೊದ್ದು ಉಳಿದವನ್ನೆಲ್ಲ ಮತ್ತೆ ನೋಡಿದೆ. ಸತ್ತವುಗಳಲ್ಲಿ ನರ ಕರಗಿ ಒಂದು ಕಪ್ಪು ಉಂಗುರವಷ್ಟೇ ಉಳಿದಿರುತ್ತದೆ. ಹೂತದ್ದೂ ಸೇರಿ ಹನ್ನೆರಡು ಹೋಗಿದ್ದವು.

ಬಿಸಿಲೇ ಕೊಂದಿತು ಎಂದು ಬರೆಯಲು ಪೆನ್ನು ಎತ್ತಿದ್ದೆ. ಆದರೆ ಗುರುತಿನ ಪ್ರಕಾರ ಎಣಿಸಿದಾಗ ಇದ್ದಿಲು ಒಂದು, ನೀಲಿ ಎರಡು, ಮೆಹಂದಿ ಒಂಬತ್ತು. ಬಿಸಿಲು ಮನೆ ನೋಡಿ ಹೊಡೆಯುವುದಿಲ್ಲ. ಸಾಲು ದಿನವೂ ಬದಲಾಗುತ್ತಿದ್ದುದರಿಂದ ಬಲ್ಬಿನ ದೋಷವೂ ಅಲ್ಲ. ತತ್ತಿ ಹಳೆಯವೇ ಎಂದರೆ, ಮೂರೂ ಮನೆಯವರು ಒಂದೇ ವಾರದವನ್ನು ಕೊಟ್ಟಿದ್ದರು. ಉಳಿದ ಕಾರಣವೆಂದರೆ ಖಾಲಾರ ಮನೆಯಲ್ಲಿ ಆದದ್ದೇನೋ ಒಂದು.

ದೊಡ್ಡವ್ವನಿಗೆ ಫೋನು ಹಚ್ಚಿ, ಖಾಲಾರನ್ನು ಕರೆಸಿ, ತತ್ತಿ ಕೊಡುವ ಮೊದಲು ಎಲ್ಲಿಟ್ಟಿದ್ದಿರಿ, ಏನು ಮಾಡಿದಿರಿ ಎಂದು ಸುಮ್ಮನೆ ಎಂಬಂತೆ ಕೇಳಿದೆ.

"ಏನ ಮಾಡ್ಲಿ ಬೇಟಿ, ಬಿಸಿನೀರಾಗ ಸೋಡಾ ಹಾಕಿ ತಿಕ್ಕಿ ತೊಳದು, ವರಸಿ ಕೊಟ್ಟೀನಿ. ಪ್ಯಾಟಿಗೆ ಮಾರಾಕ ಒಯ್ಯೋ ತತ್ತೀನೇ ತೊಳದು ಒಯ್ತೀನಿ, ಮನಿ ಹುಡುಗಿಗಿ ಹಂಗ ಹೊಲಸು ಕೊಡ್ಲೇನು?"

ತತ್ತಿಯ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆಯಿರುತ್ತದೆ. ತೊಳೆದರೆ ಅದು ಹೋಗಿ ಚಿಪ್ಪಿನ ಸಣ್ಣ ರಂಧ್ರಗಳಿಂದ ಕೊಳೆ ಒಳಗಿಳಿಯುತ್ತದೆ. ತಿನ್ನುವ ತತ್ತಿಗೆ ಎರಡು ದಿನದಲ್ಲಿ ಏನೂ ಆಗದು. ಕಾವಿನ ಬಿಸಿಯಲ್ಲಿ ಹತ್ತು ದಿನ ಕೂತರೆ ಕೊಳೆಯುತ್ತದೆ. ಇದು ನನಗೆ ಗೊತ್ತಿತ್ತು, ಓದಿದ್ದೆ. ತೊಳೆಯಬೇಡಿ ಎಂದು ಅವರಿಗೆ ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ಫೋನಿನಲ್ಲೂ ಹೇಳಲಿಲ್ಲ. "ಹೌದ್ರಿ ಖಾಲಾ" ಎಂದು ಇಟ್ಟೆ.

ಬದುಕಿದ್ದ 36ರಲ್ಲಿ ಮೆಹಂದಿಯವು ಎಂಟು. ಓದಿದ ಪ್ರಕಾರ ಅವನ್ನೂ ಎಸೆಯಬೇಕು. ಯಾವುದು ಯಾವಾಗ ಒಡೆಯುತ್ತದೋ ಹೇಳಲಾಗದು. ಒಳಗೆ ಮಿಸುಕುತ್ತಿರುವುದನ್ನು ಎಸೆಯಲು ಮನಸ್ಸು ಬರಲಿಲ್ಲ. ರಟ್ಟಿನ ಗೋಡೆ ಕತ್ತರಿಸಿ ಅವಕ್ಕೆ ಬೇರೆ ಮೂಲೆ ಮಾಡಿದೆ. ಪೆಟ್ಟಿಗೆಯೊಳಗೂ ಖಾಲಾರದು ಬೇರೆ ಮನೆಯಾಯಿತು.

ಬಿಸಿಲಿನ ಪ್ರಶ್ನೆ ಹಾಗೇ ಉಳಿದಿತ್ತು. ಇನ್ನೂ ಹತ್ತು ದಿನ ಈ ತಗಡಿನ ಕೆಳಗೆ ಯಾವುದೂ ಉಳಿಯುವುದಿಲ್ಲವೆಂಬುದು ಸ್ಪಷ್ಟ. ಹಳೆಯ ಪುಟಗಳನ್ನು ತಿರುವುತ್ತಿದ್ದಾಗ, ತತ್ತಿ ತರಲು ಹೋದ ದಿನ ಥರ್ಮಾಮೀಟರನ್ನು ಪರೀಕ್ಷಿಸಲು ದೊಡ್ಡವ್ವನ ಮನೆಯ ಗೋಡೆಗೂಡಿನಲ್ಲಿಟ್ಟು ಬರೆದ ಸಾಲು ಸಿಕ್ಕಿತು: ಮಧ್ಯಾಹ್ನ ಎರಡು, ಒಳಕೋಣೆ, 33. ಅವಳದು ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ. ಆ ಮನೆಯಲ್ಲಿ ಪೆಟ್ಟಿಗೆ ಮಾಡಬೇಕಾದ ಕೆಲಸ ಬಿಸಿ ಮಾಡುವುದು ಮಾತ್ರ, ಅದಕ್ಕೆ ಬರುವ ಕೆಲಸ ಅದೇ.

ಅಡ್ಡಿ ಇದ್ದದ್ದು ಹದಿಮೂರನೇ ದಿನ. ಅಂದು ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ, ಮುಂದಿನ ನಾಲ್ಕು ದಿನ ಉಳಿದ ಪರೀಕ್ಷೆಗಳು. ಪೆಟ್ಟಿಗೆಯ ಜೊತೆ ನಾನು ಅಲ್ಲಿರುವಂತಿಲ್ಲ. ದೊಡ್ಡವ್ವನಿಗೆ ಅಂಕಿ ಓದಲು ಬಾರದು. ಅವ್ವನನ್ನು ಕೇಳಿದೆ.

"ಒಯ್ದು ಕೊಟ್ಟು ಸಂಜಿಕಿ ಬಾ" ಎಂದಳು. "ನಿಮ್ಮ ದೊಡ್ಡವ್ವ ಆರು ಮಕ್ಕಳು ಹಡದಾಕಿ. ಯಾವ ಕಾಗದಾ ಓದಿ ಹಡದಾಳ?"

ಹನ್ನೆರಡನೇ ದಿನ ಬೆಳಗಿನ ಮೊದಲ ಬಸ್ಸು. ಪೆಟ್ಟಿಗೆಗೆ ಭತ್ತದ ಹೊಟ್ಟು ತುಂಬಿ, ನಡುವೆ ತತ್ತಿ ಹುದುಗಿಸಿ, ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರು ಏನಿದೆ ಎಂದು ಕೇಳಿದರು. ತತ್ತಿ, ಕಾವಿಗೆ ಇಟ್ಟವು ಎಂದೆ. "ಇಳಿಯೋದ್ರಾಗ ಮರಿ ಆದ್ರ ಅವಕ್ಕೂ ಟಿಕೆಟ್ ಹರೀಬೇಕಾಗ್ತದ ನೋಡವಾ" ಎಂದು, ಕಡಿಮೆ ಕುಲುಕುವ ಮುಂದಿನ ಸೀಟು ಬಿಡಿಸಿಕೊಟ್ಟರು. ಕ್ರಾಸಿನಲ್ಲಿ ಇಳಿದು ಟಂಟಂ ಆಟೋ ಹಿಡಿದೆ. ಅಲ್ಲಿಂದ ಊರಿನವರೆಗೆ ತಗ್ಗು ಬಂದಾಗಲೆಲ್ಲ ಪೆಟ್ಟಿಗೆಯನ್ನು ತೊಡೆಯಿಂದ ಎತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದೆ. ತೋಳು ಸೋತು ಹೋದವು. ಒಂದೂ ಒಡೆಯಲಿಲ್ಲ.

ದೊಡ್ಡವ್ವನಿಗೆ ಎರಡು ಕೆಲಸ ಕಲಿಸಬೇಕಿತ್ತು. ಗಾಜಿನ ಥರ್ಮಾಮೀಟರಿಗೆ 37.7ರ ಹತ್ತಿರ ಕೆಂಪು ದಾರ ಕಟ್ಟಿ, ಗೆರೆ ದಾರ ದಾಟಿದರೆ ಮುಚ್ಚಳ ಸರಿಸು ಎಂದೆ. ಅವಳು ದಾರವನ್ನು ನೋಡಿದಳು. ಒಂದು ತತ್ತಿ ಎತ್ತಿ, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ಚೂರು ಕಮ್ಮಿ ಅದ" ಎಂದಳು. ಥರ್ಮಾಮೀಟರು 37.2 ತೋರಿಸುತ್ತಿತ್ತು. ಮೂರು ಸಲ ಪರೀಕ್ಷಿಸಿದೆ. ಮೂರೂ ಸಲ ಅವಳ ರೆಪ್ಪೆ ಸರಿಯಾಗಿತ್ತು. ಇದನ್ನು ಯಾರು ಕಲಿಸಿದರು ಎಂದರೆ, ಕೂಸಿಗೆ ಜ್ವರ ನೋಡುವುದನ್ನು ಯಾರಾದರೂ ಕಲಿಸುತ್ತಾರೇನು ಎಂದಳು. ಹೊರಳಿಸಿದ ಲೆಕ್ಕಕ್ಕೆ ಒಂದು ಚರಿಗೆ ಕೊಟ್ಟು, ಪ್ರತಿ ಸಲಕ್ಕೆ ಒಂದು ಹರಳು ಹಾಕು ಎಂದೆ. ಸಂಜೆಯ ಬಸ್ಸು ಹಿಡಿದೆ.

ಮರುದಿನ ಪರೀಕ್ಷೆಯಲ್ಲಿ ನನಗೆ ಬಂದದ್ದು ಕೋಳಿ ಭ್ರೂಣದ ನಲವತ್ತೆಂಟು ತಾಸಿನ ಸ್ಲೈಡು. ಚಿತ್ರ ಬರೆದು ಭಾಗಗಳನ್ನು ಗುರುತಿಸಿದೆ. ಹೃದಯ ಎಂದು ಬರೆಯುವಾಗ ಮೆಹಂದಿ ಚುಕ್ಕೆಯ ಎಂಟು ಕಣ್ಣ ಮುಂದೆ ಬಂದವು. ಐದು ದಿನವೂ ಪರೀಕ್ಷೆ ಮುಗಿದ ಕೂಡಲೇ ಫೋನು ಮಾಡುತ್ತಿದ್ದೆ. ದೊಡ್ಡವ್ವನ ಉತ್ತರ ಒಂದೇ: "ಅದಾವ." ಎಷ್ಟು ಎಂದು ಕೇಳಿದರೆ, "ಎಷ್ಟ್ ಅದಾವೋ ಅಷ್ಟ್ ಅದಾವ."

ಹದಿನೆಂಟನೇ ದಿನ ಬೆಳಿಗ್ಗೆ ಕುರ್ಡಿ ಮುಟ್ಟಿದೆ. ಮೊದಲು ಚರಿಗೆ ಸುರಿದು ಹರಳು ಎಣಿಸಿದೆ. ಹದಿನಾರು ಇರಬೇಕಿತ್ತು, ಹದಿನೇಳು ಇದ್ದವು. ಒಂದು ದಿನ ಸಂಜೆ ಗುಡುಗಿತ್ತಂತೆ. ಅಂಜಿ ಇನ್ನೊಮ್ಮೆ ಮುಟ್ಟಿ ನೋಡಿದಳಂತೆ. ಪೆಟ್ಟಿಗೆಯ ಕೆಳಗೆ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ತುಂಡು. ಗುಡುಗಿಗೆ ತತ್ತಿ ಕೆಡದಂತೆ ಇಡುವುದು ಇಲ್ಲಿನ ವಾಡಿಕೆ. ನಾನು ಅವನ್ನು ತೆಗೆಯಲಿಲ್ಲ, ಟಿಪ್ಪಣಿಯಲ್ಲಿ ಬರೆದುಕೊಂಡೆ. ಬೆಳಕಿಗೆ ಹಿಡಿದಾಗ ಜೀವ ಇದ್ದದ್ದು 34: ಇದ್ದಿಲು 14, ನೀಲಿ 13, ಮೆಹಂದಿ 7.

ಆ ದಿನದಿಂದ ಹೊರಳಿಸುವುದು ನಿಲ್ಲಿಸಿ ಮುಚ್ಚಳ ಬಂದ್. ಚಿಪ್ಪು ಒಡೆಯುವ ಹೊತ್ತಿನಲ್ಲಿ ತೆರೆದರೆ ಒಳಗಿನ ತೇವ ಹೋಗಿ, ಪೊರೆ ಒಣಗಿ ಮರಿಯನ್ನೇ ಬಿಗಿಯುತ್ತದೆ. ನೋಡಲು ಇದ್ದದ್ದು ಅಂಗೈಯಗಲದ ಗಾಜು. ಇಪ್ಪತ್ತನೇ ದಿನ ಸಂಜೆ ಇದ್ದಿಲ ಗೆರೆಯ ಒಂದರಲ್ಲಿ ಬಿರುಕು. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಹತ್ತಕ್ಕೆ ಒಂಬತ್ತು ಮರಿ, ಎಲ್ಲ ಇದ್ದಿಲು ಮತ್ತು ನೀಲಿ. ಮೆಹಂದಿ ಮೂಲೆಯಲ್ಲಿ ಎರಡಕ್ಕೆ ಮಾತ್ರ ಸಣ್ಣ ತೂತು. ಖಾಲಾ ಅಂದು ಪೇಟೆಗೆ ಹೋಗಿರಲಿಲ್ಲ. ಗಾಜಿಗೆ ಮೂಗು ಹಚ್ಚಿ ಕೂತಿದ್ದರು.

ಹನ್ನೊಂದಕ್ಕೆ ಕರೆಂಟು ಹೋಯಿತು.

ಫ್ಯಾನು ನಿಂತಿತು, ಬಲ್ಬು ಆರಿತು. ನಾನು ನಂಬಿ ಬಂದ ಆ ತಂಪು ಕೋಣೆ ಈಗ ಪೆಟ್ಟಿಗೆಯ ಬಿಸಿಯನ್ನು ಹೀರತೊಡಗಿತು. ಅರ್ಧ ಗಂಟೆಗೆ 36.1. ಒಂದು ಗಂಟೆಗೆ 34.8. ಒಳಗಿನ ಚಿಲಿಪಿಲಿ ಕಡಿಮೆಯಾಯಿತು. ಅಂಗನವಾಡಿ ಸಹಾಯಕಿ ಲೈನ್‌ಮನ್‌ಗೆ ಫೋನು ಮಾಡಿ ಬಂದರು, ಸಂಜೆಯಾಗುತ್ತದಂತೆ. ಬಿಸಿನೀರಿನ ಬಾಟಲಿ ಇಡಬೇಕೆಂದರೆ ಮುಚ್ಚಳ ತೆರೆಯಬೇಕು. ತೂತು ಕೊರೆದ ಮರಿಯೊಂದು ಕೊಕ್ಕು ಆಡಿಸುವುದನ್ನು ನಿಲ್ಲಿಸಿತ್ತು.

"ಚಿಪ್ಪು ನಾ ಬಿಡಸ್ತೀನಿ ತಗಿ" ಎಂದರು ಖಾಲಾ.

ಬೇಡವೆಂದೆ. ಬಿಡಿಸಿದರೆ ರಕ್ತ ಬಂದು ಸಾಯುತ್ತದೆ ಎಂದೆ. ಖಾಲಾ ಕೈ ಹಿಂದಕ್ಕೆ ತೆಗೆದುಕೊಂಡರು, ಮುಖ ಮಾತ್ರ ನೋಡಲಾಗುತ್ತಿರಲಿಲ್ಲ.

ಆಗ ಹೊರಗೆ ಕಟ್ಟೆಯ ಕಡೆ ನೋಡಿದೆ. ಬೇವಿನ ನೆರಳು. ಇನ್ನೊಂದು ಥರ್ಮಾಮೀಟರು ಹಿಡಿದು ಹೋದೆ: ನೆರಳಲ್ಲೇ 40.6. ರಾಯಚೂರಿನಲ್ಲಿ ಯಾವುದಕ್ಕೆ ಹೆದರಿದ್ದೆನೋ ಅದು ಅಲ್ಲಿ ಪುಕ್ಕಟೆ ಬಿದ್ದಿತ್ತು. ಆದರೆ ಬಿಸಿ ಏರತೊಡಗಿದರೆ ತಡೆಯುವ ಸಾಧನ ಕರೆಂಟಿಲ್ಲದೆ ಸತ್ತಿದೆ. ನಲವತ್ತಕ್ಕೆ ಮುಟ್ಟಿದರೆ ಎಲ್ಲವೂ ಹೋಗುತ್ತವೆ. ಹೊರಗೂ ಒಳಗೂ ಎತ್ತಿಡಬೇಕು, ಅಲುಗಿಸದೆ. "ಹೊರಗ ಒಯ್ಯೂಣು" ಎಂದೆ.

ದೊಡ್ಡವ್ವ ಒಂದು ಕಡೆ, ಖಾಲಾ ಇನ್ನೊಂದು ಕಡೆ ಹಿಡಿದರು. ನಾನು ಗಾಜಿನೊಳಗಿನ ಅಂಕಿ ಕೂಗುತ್ತಿದ್ದೆ. ಇಪ್ಪತ್ತೈದು ನಿಮಿಷದಲ್ಲಿ 37.8 ಆಯಿತು, ಒಳಗೆ ತಂದೆವು. 36.9ಕ್ಕೆ ಇಳಿಯಿತು, ಮತ್ತೆ ಹೊರಗೆ. ಹೊಸ್ತಿಲು ದಾಟಿದಾಗಲೆಲ್ಲ ಬರೆದೆ, ಹನ್ನೆರಡು ಸಲ. ಐದನೆಯ ಸಲಕ್ಕೆ ದೊಡ್ಡವ್ವ, "ಮದುವಿ ಮೆರವಣಿಗೆಗೂ ಇಷ್ಟ್ ಸಲ ಹೊರಗ ಬಂದಿಲ್ಲ ನಾ" ಎಂದಳು. ಖಾಲಾ ನಗಲಿಲ್ಲ. ಏಳನೆಯ ಸಲ ಹೊರಗಿದ್ದಾಗ ಮೆಹಂದಿ ಮೂಲೆಯ ಒಂದು ತತ್ತಿ ಹೊರಳಿತು. ಕೊಕ್ಕು ಮತ್ತೆ ಆಡಿತು. ಕರೆಂಟು ಬಂದಾಗ ಐದೂವರೆ.

ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದೆ. ಇದ್ದಿಲು 12, ನೀಲಿ 11, ಮೆಹಂದಿ 4. ಒಟ್ಟು 27.

ಕಟ್ಟೆಯ ಮೇಲೆ ಪಾಲು. ಬೆಸ ಬಂದರೆ ಹೆಚ್ಚಿನದು ತತ್ತಿ ಕೊಟ್ಟವರಿಗೆ ಎಂದು ಮೊದಲೇ ಮಾತಾಗಿತ್ತು. ದೊಡ್ಡವ್ವನಿಗೆ ಆರು, ಸಹಾಯಕಿಗೆ ಆರು, ಖಾಲಾರಿಗೆ ಎರಡು. ಹದಿನೆಂಟು ಕೊಟ್ಟವರಿಗೆ ಎರಡು. ನನ್ನ ಪಾಲಿನಿಂದ ನಾಲ್ಕು ತೆಗೆದು ಅವರ ಬಳೆಯ ಡಬ್ಬಿಗೆ ಹಾಕಲು ಹೋದೆ. ಖಾಲಾ ಕೈ ಅಡ್ಡ ಹಿಡಿದರು.

"ಪಾಲು ಅಂದ್ರ ಪಾಲು ಬೇಟಿ. ಬಿಸಿಲು ಹೊಡದ್ರ ನೀ ಏನ್ ಮಾಡ್ತಿ."

ಬಿಸಿಲು ಎಂದೇ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯಾರಿಗೂ ನೋವಿಲ್ಲ. ಆದರೆ ಮುಚ್ಚಿಡಾಕಿ ಅಲ್ಲ ಎಂದು ಮಾತು ಕೊಟ್ಟವಳು ಪಕ್ಕದಲ್ಲೇ ನಿಂತಿದ್ದಳು. ನಾನು ಪುಸ್ತಕ ತೆರೆದು, ಹನ್ನೊಂದನೇ ದಿನದ ಲೆಕ್ಕ ಓದಿ, ತೊಳೆದದ್ದರಿಂದ ಹೀಗಾಯಿತು, ತೊಳೆಯಬೇಡಿರೆಂದು ನಾನು ಹೇಳದೆ ಇದ್ದದ್ದರಿಂದ ಹೀಗಾಯಿತು ಎಂದು ಹೇಳಿದೆ.

ಖಾಲಾ ಡಬ್ಬಿಯನ್ನು ಕೆಳಗಿಟ್ಟರು. "ಫೋನಿನ್ಯಾಗ ಕೇಳ್ದಾಗ ಯಾಕ ಹೇಳಲಿಲ್ಲ?" ಎಂದರು. ಅಂಜಿದೆ ಎಂದೆ. ಅವರು ನಾನು ಕೊಡಹೋದ ನಾಲ್ಕರಲ್ಲಿ ಎರಡನ್ನು ಎತ್ತಿ ಡಬ್ಬಿಗೆ ಹಾಕಿಕೊಂಡರು. "ಇದು ಹೇಳದಿದ್ದದ್ದಕ್ಕ ದಂಡ" ಎಂದು ಎದ್ದು ಹೋದರು.

ನನ್ನ ಪುಸ್ತಕದಲ್ಲಿ ಮೆಹಂದಿ ಸಾಲಿನ "ಕಾರಣ" ಎಂಬಲ್ಲಿ ತೊಳೆದದ್ದು ಎಂದು ಬರೆದಿದ್ದೆ. ಬಸ್ಸಿನಲ್ಲಿ ಅದನ್ನು ಹೊಡೆದು ಹಾಕಿ, ಹೇಳದೆ ಇದ್ದದ್ದು ಎಂದು ತಿದ್ದಿದೆ.

ಮೊದಲ ಮಳೆ ಬಿದ್ದ ವಾರ ಮತ್ತೆ ಓಣಿಗೆ ಹೋದೆ. ಮತ್ತೆ ತತ್ತಿ ಕೇಳಲು ಧೈರ್ಯವಿಲ್ಲದೆ ದೊಡ್ಡವ್ವನ ಮನೆಯಲ್ಲೇ ಕೂತಿದ್ದೆ. ಎದುರು ಬಾಗಿಲು ತೆರೆಯಿತು. ಖಾಲಾ ಬಳೆಯ ಡಬ್ಬಿಯನ್ನು ಮೈಯಿಂದ ಒಂದು ಮೊಳ ದೂರ ಹಿಡಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. ಹದಿನೆಂಟು ತತ್ತಿ. ಹಿಕ್ಕೆ, ಹುಲ್ಲು, ಪುಕ್ಕ ಅಂಟಿದ್ದವು ಅಂಟಿದ ಹಾಗೇ. ಸ್ವಚ್ಛವಿದ್ದ ಚೂರು ಜಾಗ ಹುಡುಕಿ ಒಂದೊಂದಕ್ಕೂ ಮೆಹಂದಿ ಚುಕ್ಕೆ ಇಟ್ಟಿದ್ದರು.

"ತಗೋ" ಎಂದರು. "ಕೈ ಸುದ್ದಾ ತೊಳಕೊಂಡಿಲ್ಲ. ಅದಕ್ಕೂ ಏನರ ಆದೀತಂತ."